ರೇಷ್ಮೆಯ ಮೇಲಿನ ಬೂದು ಸಾಲು

ಆ ಗುರುತನ್ನು ಅಳಿಸಿದವನು ನಾನು. ಅಲ್ಲಿ ಏನೂ ಇರಲಿಲ್ಲ ಎಂದು ಸುಳ್ಳು ಹೇಳಿದವನೂ ನಾನೇ. ಮೊದಲನೆಯದನ್ನು ಅಜ್ಞಾನ ಎನ್ನಬಹುದೇನೋ. ಎರಡನೆಯದು —

ಮೊರಿ ಸೆನ್ಸೇ, ನಿಮಗೆ ಓದಲು ಬಾರದ ಭಾಷೆಯಲ್ಲಿ, ಅದೂ ನೀವು ತೀರಿಕೊಂಡ ಮೇಲೆ, ಇದನ್ನು ಬರೆಯುತ್ತಿದ್ದೇನೆ. ನನ್ನ ಧೈರ್ಯ ಇಷ್ಟೇ.

ಓದುವ ಕನ್ನಡದವರಿಗಾಗಿ ನಿಮಗೆ ಗೊತ್ತಿರುವುದನ್ನೇ ಒಂದಿಷ್ಟು ಹೇಳಬೇಕು. ನೀವು ಜಪಾನಿನ ಇತಿಹಾಸಕಾರರು, ಎಲ್ಲರಿಗೂ ಸೆನ್ಸೇ, ಎಂದರೆ ಗುರುಗಳು. ಕಾಗದ ಬಳಕೆಗೆ ಬರುವ ಮೊದಲು ಚೀನಾದಲ್ಲಿ ರೇಷ್ಮೆ ಬಟ್ಟೆಯ ಮೇಲೂ ಬರೆಯುತ್ತಿದ್ದರು. ಕೆಲವನ್ನು ಮಡಚಿ ಸತ್ತವರ ಜೊತೆ ಸಮಾಧಿಯಲ್ಲಿ ಇಡುತ್ತಿದ್ದರು. ಕೈಯಿಂದ ಕೈಗೆ ಬಂದ ಗ್ರಂಥಗಳನ್ನು ಪಂಡಿತರು ಶತಮಾನಗಟ್ಟಲೆ ತಿದ್ದುತ್ತಲೇ ಬಂದರು. ಮಣ್ಣಿನಡಿಯ ರೇಷ್ಮೆಯನ್ನು ಮಾತ್ರ ಯಾರೂ ತಿದ್ದಲಿಲ್ಲ — ಇತಿಹಾಸಕಾರರು ಅದರ ಒಂದು ಚೂರಿಗೂ ಜೀವ ಬಿಡುವುದು ಅದಕ್ಕೇ ಎಂದು ನೀವೇ ಹೇಳಿದ್ದಿರಿ. ಹಾಗೆ ಯಾರೂ ತಿದ್ದದೆ ಉಳಿದದ್ದನ್ನು ನಾನು ತಿದ್ದಿದೆ. ನಿಶಿ ಕಸಾಯಿ ಬಡಾವಣೆಯ ನನ್ನ ಮನೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು.

ಎರಡು ತುಣುಕುಗಳಿದ್ದವು. ಒಂದರಲ್ಲಿ ಒಂದು ಜ್ವರದ ಲಕ್ಷಣ, ಇನ್ನೊಂದರಲ್ಲಿ ಯಾವುದೋ ಜ್ವರದ ಮದ್ದು. ಇವು ಒಂದೇ ಬಟ್ಟೆಯ ಎದುರುಬದುರು ಮಡಿಕೆಗಳು ಎಂದು ನೀವು ಹರೆಯದಿಂದಲೂ ವಾದಿಸುತ್ತಿದ್ದಿರಿ, ಜೊತೆಯವರು ನಗುತ್ತಿದ್ದರು. ಲಕ್ಷಣ ಬರೆದಿದ್ದ ತುಣುಕಿನ ಮೇಲೆ ಹಿಂದೆಂದೋ ಯಾರೋ ಅಂಟಿಸಿದ್ದ ಕಾಗದವನ್ನು ಕೊರೊನಾಕ್ಕೆ ಸ್ವಲ್ಪ ಮುಂಚೆ ಬಿಡಿಸಿದರು. ಕೂಡಲೇ ಇನ್‌ಫ್ರಾರೆಡ್ ಫೋಟೋ ತೆಗೆದರು, ಆಮೇಲೆ ಒದ್ದೆ ಮಾಡಿ ಹೊಸ ಕಾಗದಕ್ಕೆ ಕೂರಿಸಿದರು. ಆ ಒದ್ದೆಯಲ್ಲಿ ಅಳಿದುಹೋದದ್ದು ಉಳಿದಿದ್ದರೆ ಆ ಫೋಟೋಗಳಲ್ಲಿ ಮಾತ್ರ. ಫೋಟೋಗಳನ್ನು ಜೋಡಿಸಿ ಸ್ಪಷ್ಟಗೊಳಿಸುವ ಕೆಲಸ ಶಿನಾಗಾವಾದ ನಮ್ಮ ಆಫೀಸಿಗೆ ಬಂತು. ಆಫೀಸು ಮುಚ್ಚಿದ್ದರಿಂದ ಡಿಸ್ಕ್ ನನ್ನ ಮನೆಗೆ ಬಂತು. ಇದೊಂದೇ ಪ್ರತಿ, ಜೋಪಾನ ಎಂದು ಅದರ ಮೇಲೆಯೇ ಚೀಟಿ ಅಂಟಿಸಿದ್ದರು.

ಆ ದಿನಗಳಲ್ಲಿ ನಾನು ಕಣ್ಣಿಗೆ ಕಂಡದ್ದನ್ನೆಲ್ಲ ಒರೆಸುತ್ತಿದ್ದೆ. ಬಾಗಿಲ ಹಿಡಿ, ಹಾಲಿನ ಡಬ್ಬಿ, ಕೊಂಬಿನಿ ಅಂಗಡಿಯಿಂದ ತಂದ ಬ್ರೆಡ್ಡಿನ ಕವರು. "ಕೊತ್ತಂಬರಿ ಸೊಪ್ಪಿಗೂ ಸ್ಯಾನಿಟೈಸರಾ? ಇವತ್ತಿನ ಸಾರು ನೀವೊಬ್ಬರೇ ಕುಡೀರಿ," ಎಂದಿದ್ದಳು ಹೆಂಡತಿ ವೀಣಾ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಟೇಷನ್ನಿಂದ ವಾಪಸು ಓಡಿಬರುವ ಜಾತಿ ನನ್ನದು. ಅಂಥವನಿಗೆ ರೇಷ್ಮೆಯ ಎಡ ಅಂಚಿನಲ್ಲಿ ಬೂದು ಕಲೆಗಳ ಒಂದು ಸಾಲು ಕಂಡಿತು. ಬೂಷ್ಟು ಅನ್ನಿಸಿತು. ಒರೆಸಿದೆ. ಚೊಕ್ಕಟವಾಯಿತು. ಜಾಗ ಉಳಿಯಲಿ ಎಂದು ಮೂಲ ಫೋಟೋಗಳ ಮೇಲೆಯೇ ಸೇವ್ ಮಾಡಿದೆ — ಜಗತ್ತಿನ ಎಲ್ಲದಕ್ಕೂ ಚಿಂತಿಸುವವನು ಇದೊಂದಕ್ಕೆ ಚಿಂತಿಸಲಿಲ್ಲ.

ಕೆಲವು ವಾರಗಳಾದ ಮೇಲೆ, ಒಂದು ಮಧ್ಯಾಹ್ನ ವಿಡಿಯೋ ಕಾಲ್. ನಿಮ್ಮ ಕ್ಯಾಮೆರಾದಲ್ಲಿ ಎಂದಿನಂತೆ ಹಣೆ ಮಾತ್ರ. "ಗಡ್ಡ ಬೋಳಿಸಿಲ್ಲ ಪ್ರಸಾದ್-ಸಾನ್, ಇಷ್ಟು ಮುಖದಲ್ಲೇ ತೃಪ್ತಿಪಡಿ," ಎಂದಿರಿ. ನಕ್ಕೆವು. ಆಮೇಲೆ ನಿಧಾನವಾಗಿ ವಿವರಿಸಿದಿರಿ: ಮಡಚಿದ ರೇಷ್ಮೆಯಲ್ಲಿ ಎದುರು ಮಡಿಕೆಯ ಶಾಯಿ ಈಚೆಗೂ ತೆಳುವಾಗಿ ಅಂಟಿಕೊಳ್ಳುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ. ಯಾವ ತುಣುಕು ಯಾವುದಕ್ಕೆ ಎದುರಾಗಿತ್ತು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಮದ್ದಿನ ತುಣುಕು ಎದುರಿಗಿದ್ದಿದ್ದರೆ ಅದರ ಶಾಯಿ ಈ ತುಣುಕಿನ ಎಡ ಅಂಚಿನಲ್ಲಿ ಅಂಟಿರಲೇಬೇಕು.

ನಾನು ಒರೆಸಿದ ಬೂದು ಸಾಲು ನೆನಪಾಯಿತು.

"ಮೂಲದಲ್ಲಿ, ಎಡ ಅಂಚಿನ ಹತ್ತಿರ, ಏನಾದರೂ ಮಸುಕು ಇತ್ತೇ?"

"ಇರಲಿಲ್ಲ, ಸೆನ್ಸೇ."

ಕೆಲಸ, ವೀಸಾ, ಮಗಳ ಸ್ಕೂಲು — ಇವೆಲ್ಲ ಆಮೇಲೆ ನಾನು ಹುಡುಕಿಕೊಂಡ ಕಾರಣಗಳು. ಆ ಕ್ಷಣದಲ್ಲಿ ಅವ್ಯಾವೂ ಹೊಳೆದಿರಲಿಲ್ಲ. ಸುಳ್ಳು ಸಲೀಸಾಗಿ ಬಂತು, ಅಷ್ಟೇ.

ನಿಮ್ಮ ಹಣೆ ಅಲುಗಾಡಲಿಲ್ಲ. "ಹಾಗಾದರೆ ನಕ್ಕವರೇ ಸರಿ," ಎಂದಿರಿ. ಕೆಲಸ ಬಹಳ ಸ್ವಚ್ಛವಾಗಿದೆ ಎಂದು ಹೊಗಳಿ, ಅರಿಗಾತೋ ಎಂದು ಧನ್ಯವಾದವನ್ನೂ ಹೇಳಿದಿರಿ — ನನಗೆ.

ನಿಮ್ಮ ವಾದವನ್ನು ನೀವೇ ಬರೆದು ಹಿಂದಕ್ಕೆ ಪಡೆದಿರಿ. ಮುಂದಿನ ಚಳಿಗಾಲದಲ್ಲಿ ಹೊರಟುಹೋದಿರಿ. ಸೋಂಕಿನ ಭಯಕ್ಕೆ ಅಂತ್ಯಕ್ರಿಯೆಗೆ ಮನೆಯವರನ್ನು ಬಿಟ್ಟು ಯಾರನ್ನೂ ಕರೆಯಲಿಲ್ಲ. ಸುದ್ದಿ ಕೇಳಿ, ಹೋಗುವ ಪ್ರಮೇಯವಿಲ್ಲವಲ್ಲ ಎಂದು ಮೊದಲು ಸಮಾಧಾನವಾಯಿತು. ಇದನ್ನೂ ಹೇಳಿಬಿಡುತ್ತೇನೆ. ಈಗ ಆ ಎರಡು ತುಣುಕುಗಳು ಬೇರೆ ಬೇರೆ ಎಂದು ಬರೆಯುವವರು ಸಾಕ್ಷಿಗೆ ನಿಮ್ಮ ಮಾತನ್ನೇ ಕೊಡುತ್ತಾರೆ.

ಅವು ಅಕ್ಷರಗಳಾಗಿದ್ದವೋ, ನಿಜಕ್ಕೂ ಬೂಷ್ಟೇ ಆಗಿತ್ತೋ — ನನಗೆ ಗೊತ್ತಿಲ್ಲ. ಚೀನೀ ಅಕ್ಷರ ಓದಲು ಬಾರದವನ ನೆನಪನ್ನು ಯಾವ ಇತಿಹಾಸಕಾರ ನಂಬುತ್ತಾನೆ? ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ವಾದ ಸರಿಯೆಂದು ನಾನು ಈಗ ಸಾಧಿಸಲಾರೆ. ಅಂದು ನಿಜ ಹೇಳಿದ್ದರೆ ಅನುಮಾನಿಸುವ ಹಕ್ಕಾದರೂ ನಿಮಗೆ ಉಳಿಯುತ್ತಿತ್ತು. ಸೋತೆ ಎಂದುಕೊಂಡು ಸಾಯಬೇಕಾಗಿರಲಿಲ್ಲ.

ಇತ್ತು, ಸೆನ್ಸೇ. ಎಡ ಅಂಚಿನಲ್ಲಿ, ಮೇಲಿನಿಂದ ಕೆಳಕ್ಕೆ, ಬೂದು ಬಣ್ಣದ ಒಂದು ಸಾಲು. ನನಗೆ ನೆನಪಿರುವುದು ಅಷ್ಟೇ.