ಏರಿ ಬಲ್ಲ ಹಿಮ್ಮಡಿ

ನಮ್ಮಪ್ಪ ಮಂಚಯ್ಯ ಸಾಲಿಗ್ರಾಮದ ಪಕ್ಕದ ನಮ್ಮೂರಿನ ನೀರುಗಂಟಿ. ನಾಲೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವುದು, ಏರಿ ಎಲ್ಲಿ ಸೋರುತ್ತಿದೆ ಎಂದು ಕಾಯುವುದು ಅವರ ಕೆಲಸ. ಸೋರುವುದನ್ನು ಅವರು ಕಣ್ಣಲ್ಲಿ ಹುಡುಕುವುದಿಲ್ಲ. ಮಂಜು ಕವಿದ ಮುಂಜಾನೆ ಬರಿಗಾಲಲ್ಲಿ, ಅರೆನಿದ್ದೆಯಲ್ಲಿರುವವರ ಹಾಗೆ ನಡೆಯುತ್ತಾ ಹೋಗಿ ಥಟ್ಟನೆ ನಿಲ್ಲುತ್ತಾರೆ. "ಇಲ್ಲಿ ಮಣ್ಣು ತಣ್ಣಗದೆ" ಎನ್ನುತ್ತಾರೆ. ಅಗೆದರೆ ಒಳಗೆ ಏಡಿ ಕೊರೆದ ಬಿಲ, ಬಿಲದ ತುಂಬ ನೀರು.

ಈ ಸಲ ನಾಟಿ ಮುಗಿದ ವಾರಕ್ಕೇ ಅವರ ಬಲಗಾಲಿನ ಹಿಮ್ಮಡಿ ಹಿಡಿಯಿತು. ಎದ್ದು ಮೊದಲ ಹೆಜ್ಜೆ ಊರಿದರೆ ಮೊಳೆ ತುಳಿದಂತೆ ಚೀರುವರು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಕೂತು ಎದ್ದರೆ ಮತ್ತೆ ಅದೇ. ದಾಟಬಾರದ್ದು ದಾಟಿದ್ದಾರೆ ಎಂದು ಅವ್ವ ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದಳು. ಪಕ್ಕದ ಮನೆ ಕಂಠಪ್ಪ, "ಉಷ್ಣ ಕಣ್ಲಾ, ಅಳ್ಳೆಣ್ಣೆ ತಿಕ್ಕು" ಎಂದ. ಅಯ್ಯೋ, ಊರ ತುಂಬ ವೈದ್ಯರೇ! ಹೊಲಿಗೆ ಮಿಷನ್ನು ಮುಚ್ಚಿಟ್ಟು ನಾನೇ ಅವರನ್ನು ಕೃಷ್ಣರಾಜನಗರಕ್ಕೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಹಿಮ್ಮಡಿ ಒತ್ತಿ ನೋಡಿದರು. ಸಕ್ಕರೆ ಕಾಯಿಲೆ ಇದೆಯಾ, ತೂಕ ಏರಿದೆಯಾ, ಎಲ್ಲಿಂದಾದರೂ ಧುಮುಕಿದಿರಾ ಎಂದೆಲ್ಲ ಕೇಳಿದರು. ಒಂದೂ ಇಲ್ಲ. "ಎಂಥಾ ನೆಲದ ಮೇಲೆ ನಡೀತೀರಿ?" ಎಂದಾಗ ನನಗೆ ಹೊಳೆಯಿತು. ಹೋದ ವರ್ಷ ಏರಿಯ ಮೊದಲ ಎರಡು ಮೈಲಿಗೆ ಕಾಂಕ್ರೀಟ್ ಹಾಕಿದ್ದರು. ಅದನ್ನು ಹೇಳಿದೆ.

"ವಯಸ್ಸಾದಂಗೆ ಹಿಮ್ಮಡಿಯ ಮೆತ್ತೆ ಸವೆಯುತ್ತೆ. ಬರಿಗಾಲಲ್ಲಿ ದಿನಾ ಕಾಂಕ್ರೀಟ್ ತುಳಿದು ಪಾದದಡಿಯ ನಾರು ಊದಿಕೊಂಡಿದೆ. ಮೂರು ತಿಂಗಳು ಚಪ್ಪಲಿ ಬಿಚ್ಚಬೇಡಿ," ಎಂದರು ಡಾಕ್ಟರಮ್ಮ.

ಮೆತ್ತನೆಯ ಚಪ್ಪಲಿ ಕೊಡಿಸಿದೆ. ನೋವು ತಗ್ಗುತ್ತಾ ಬಂತು, ಅಪ್ಪ ಮಂಕಾಗುತ್ತಾ ಬಂದರು. "ಕಣ್ ಕಟ್ಟಿ ಬುಟ್ಟಂಗದೆ ಕಣವ್ವ ಮೀನಾ. ಕೊನೇ ಮೈಲಿ ಇನ್ನೂ ಮಣ್ಣೇರಿ. ಒಡುದ್ರೆ ಎಳೇ ಪೈರೆಲ್ಲ ಕೊಚ್ಕೊಂಡ್ ಓಯ್ತದೆ."

ಒಂದು ಬೆಳಿಗ್ಗೆ ಚಪ್ಪಲಿ ಬಚ್ಚಿಟ್ಟು ಹೊರಟವರು ಸಿಕ್ಕಿಬಿದ್ದರು. ನನಗೆ ರೇಗಿಹೋಯಿತು. "ಕಾಲೇ ಓದ್ರೆ ಯಾವ ಏರಿ ಕಾಯ್ತೀಯ? ನಾನ್ ನಡೀತೀನಿ, ಬುಡು!"

"ನಿಂಗೇನ್ ತಿಳಿತದೆ?" ಎಂದರು. ನನ್ನ ಚಪ್ಪಲಿ ಕಿತ್ತೆಸೆದು ಹೊರಟೆ.

ಅಂದಿನಿಂದ ನಾನು ಮುಂದೆ, ಅಪ್ಪ ಹಿಂದೆ. ಮೊದಲ ವಾರ ಇಡೀ ಏರಿಯೇ ತಣ್ಣಗೆ ಅನ್ನಿಸಿತು. ನಾನು "ಇಲ್ಲಿ" ಎಂದಲ್ಲೆಲ್ಲ ಅಪ್ಪ ಚಪ್ಪಲಿ ಬಿಚ್ಚಿ ತುಳಿದು, ನೋವಿಗೆ ಮುಖ ಕಿವುಚಿ, "ಅದು ಇಬ್ಬನಿ ಕಣೇ" ಎಂದು ನಗುವರು. ನನಗೆ ನಾಚಿಕೆಯಾಗುತ್ತಿತ್ತು. ಬರಬರುತ್ತಾ ಕಣ್ಣು ಮುಚ್ಚಿಯೇ ನಡೆಯತೊಡಗಿದೆ. ಒಂದು ಪಕ್ಕ ನೀರಿನ ಗುಳುಗುಳು, ಇನ್ನೊಂದು ಪಕ್ಕ ಪೈರಿನ ವಾಸನೆ. ನಾನು ನಡೆಯುತ್ತಿದ್ದೆನೋ, ನೆಲವೇ ಕಾಲಡಿಯಲ್ಲಿ ಮೆಲ್ಲಗೆ ಹರಿಯುತ್ತಿತ್ತೋ ತಿಳಿಯುತ್ತಿರಲಿಲ್ಲ. ಮನೆ, ಮಿಷನ್ನು, ಹೊಲಿಯದೆ ಬಿಟ್ಟ ರವಿಕೆ, ಎಲ್ಲ ಮರೆತುಹೋಗುತ್ತಿತ್ತು.

ಹೋದ ಸೋಮವಾರ ಮಣ್ಣೇರಿಯ ಒಂದು ಕಡೆ ಹಿಮ್ಮಡಿಗೆ ಬೇರೆಯೇ ತಂಪು ಹತ್ತಿತು. ಇಬ್ಬನಿಯದಲ್ಲ, ಅದರ ಅಡಿಯದು. ಹೇಳಲು ಹೆದರಿದೆ. ಹೇಳಿದರೆ ಅಪ್ಪ ಮತ್ತೆ ಬರಿಗಾಲು ಊರಿ ನೋಯುತ್ತಾರೆ; ಸುಮ್ಮನಿದ್ದು ಏರಿ ಒಡೆದರೆ ಊರಿನ ಅನ್ನ ಹೋಗುತ್ತದೆ.

"ಅಪ್ಪ, ಇಲ್ಲೇ," ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದರು. ಚಪ್ಪಲಿ ಬಿಚ್ಚಲಿಲ್ಲ. ಹೆಗಲ ಮೇಲಿನ ಗುದ್ದಲಿ ಇಳಿಸಿ, "ಕಾಲ್ ತಗಿಯವ್ವ" ಎಂದು ನಾನು ನಿಂತಿದ್ದ ಕಡೆಯೇ ಅಗೆಯತೊಡಗಿದರು. ಬಿಲ ಸಿಕ್ಕಿದ್ದು ಆಮೇಲೆ. ನಾನು ಅತ್ತದ್ದು ಅದಕ್ಕೂ ಮೊದಲು.