ಮೆಟ್ಟಿಲ ಮೇಲಿನ ಹಿಡಿಯಿಲ್ಲದ ಕಪ್ಪು

ಬೆಳಗಿನ ಐದೂಮುಕ್ಕಾಲು. ಯಾದವಗಿರಿಯ ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಚಾಮಯ್ಯ ಕುಕ್ಕರಗಾಲಲ್ಲಿ ಕೂತು ಒಡೆದ ಹೆಂಚು ಕುಟ್ಟುತ್ತಿದ್ದಾರೆ. ಆ ಕೆಂಪು ಚೂರನ್ನು ಜರಡಿ ಹಿಡಿದು ಗೇಟಿನಿಂದ ಮೆಟ್ಟಿಲವರೆಗೆ ಹರಡುತ್ತಾರೆ. ದಾರಿಯ ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲು. ಹುಲ್ಲೆಲ್ಲ ಸುಟ್ಟುಹೋಗಿರುವ ಈ ಮೇ ತಿಂಗಳಲ್ಲಿ ನಮ್ಮ ಅಂಗಳಕ್ಕೆ ಬಣ್ಣ ಬರುವುದು ಹೀಗೆ, ಕಾಸು ಖರ್ಚಿಲ್ಲದೆ.

ಅವರ ಹೆಸರನ್ನು ಪೂರ್ತಿಯಾಗಿ ಬರೆಯುತ್ತಿರುವುದು ನಾನು ಇದೇ ಮೊದಲು. ಒಂಬತ್ತು ವರ್ಷಗಳಿಂದ ನಮ್ಮ ಬೀದಿಯವರೆಲ್ಲ ಅವರನ್ನು ಕರೆಯುವುದು ‘ಚಾಮ’ ಎಂದು. ನನ್ನ ತಂದೆಯ ವಯಸ್ಸು ಅವರದು. ಬರವಣಿಗೆಯಲ್ಲಿ ಬಹುವಚನ ಸಲೀಸಾಗಿ ಬರುತ್ತಿದೆ, ಬಾಯಲ್ಲಿ ಇನ್ನೂ ಬಂದಿಲ್ಲ.

ಅಶೋಕಪುರಂನಿಂದ ಮೂರು ಮೈಲಿ ನಡೆದು ಬರುತ್ತಾರೆ. ಬೆಳಿಗ್ಗೆ ನಾಲ್ಕು ಮನೆ, ಸಂಜೆ ಮೂರು. ನಲ್ಲಿ ಬರುವುದು ಒಂದೇ ಗಂಟೆಯಾದ್ದರಿಂದ ಗಿಡಗಳಿಗೆ ಬಚ್ಚಲ ನೀರೇ ಗತಿ. ಏಳು ಮನೆಗೂ ಸೇರಿ ದಿನಕ್ಕೆ ನೂರಿಪ್ಪತ್ತು ಕೊಡ ಹೊರುತ್ತಾರೆ. ನಮ್ಮ ಮನೆಯಿಂದ ಸಿಗುವುದು ತಿಂಗಳಿಗೆ ಆರು ರೂಪಾಯಿ, ಜೊತೆಗೆ ಬೆಳಗಿನ ಕಾಫಿ. ಹಾಗೆಂದು ನಾನು ಮೊನ್ನೆಯವರೆಗೆ ನಂಬಿದ್ದೆ, ಅಥವಾ ನಂಬಿದ ಹಾಗೆ ಇದ್ದೆ.

ಪತ್ರಿಕೆಯ ಪುರವಣಿಗೆ ಬರೆದುಕೊಡಿ ಎಂದು ಸಂಪಾದಕರು ನನ್ನನ್ನು ಕೇಳಿದ್ದು ಕಡಿಮೆ ಖರ್ಚಿನಲ್ಲಿ ಬೇಸಿಗೆಯ ಅಂಗಳವನ್ನು ಸಿಂಗರಿಸುವ ಬಗೆ. ಸುಲಭದ ಕೆಲಸ, ಚಾಮನನ್ನು ಕೇಳಿ ಬರೆದರಾಯಿತು ಎಂದು ಪುಸ್ತಕ ಪೆನ್ಸಿಲು ಹಿಡಿದು ಹೊರಗೆ ಬಂದೆ. ಒಂದೊಂದನ್ನೇ ತೋರಿಸಿ ಕೇಳಿದೆ.

“ಈ ಡಬ್ಬಗಳು?”

“ಅಂಗಡಿಯೋರು ಎಸೆದಿದ್ ಸೀಮೆಣ್ಣೆ ಡಬ್ಬ ಕಣಮ್ಮಾವ್ರೆ. ಅರ್ಧಕ್ ಕತ್ರಿಸಿ ಕೆಮ್ಮಣ್ಣು ಬಳ್ದೆ.”

“ಕ್ರೋಟನ್?”

“ಆಚೆ ಬೀದಿ ಬಂಗ್ಲೇಲಿ ಕತ್ರಿಸಿ ಆಕಿದ್ರು. ಕೇಳ್ಕಂಡೇ ತಂದಿವ್ನಿ. ಬುಡುಕ್ಕೆ ತೆಂಗಿನ್ ಮಟ್ಟೆ ನೆನ್ಸಿ ಊತಾಕಿದ್ರೆ ಎರಡು ದಿನ ನೀರ್ ಕೇಳಕಿಲ್ಲ.”

ಹೀಗೆ ಮೆಟ್ಟಿಲವರೆಗೆ ಬಂದೆವು. ಅಲ್ಲೊಂದು ಪುಟ್ಟ ಕುಂಡವಿದೆ. ಬಿಸಿಲೇರಿದಾಗ ಅರಳುವ ಗುಲಾಬಿ ಬಣ್ಣದ ಹೂವು ಅದರ ಅಂಚಿನಿಂದ ಜೋಲುತ್ತದೆ. ಯುಗಾದಿಗೆ ಬಂದ ಬೀಗರು ಅದನ್ನೇ ಹೊಗಳಿದ್ದರು. ನನ್ನ ಕೈಗುಣ ಎಂದರು, ನಾನು ನಕ್ಕು ಸುಮ್ಮನಿದ್ದೆ.

“ಇದು ಯಾರ ಮನೆಯದು?”

ಚಾಮಯ್ಯ ಟವೆಲಿನಿಂದ ಕೈ ಒರೆಸಿಕೊಂಡರು. “ಅದು ನಂದೇ ಕಣಮ್ಮಾವ್ರೆ. ಕಾಫಿ ಕಪ್ಪು.”

ಆಗ ಗುರುತು ಸಿಕ್ಕಿತು. ಹಿಡಿ ಮುರಿದ ಪಿಂಗಾಣಿ ಕಪ್ಪು. ಗೇಟಿನ ಪಕ್ಕದ ಗೋಡೆಗೂಡಿನಲ್ಲಿ ಅವರಿಗೆಂದೇ ಇಟ್ಟಿದ್ದದ್ದು. ಅವರು ಅದನ್ನು ಕೆಳಗಿಟ್ಟು ದೂರ ಸರಿಯಬೇಕು, ನಾನು ತಾಗದಂತೆ ಮೇಲಿನಿಂದ ಕಾಫಿ ಹೊಯ್ಯಬೇಕು. ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಅವರೇ ಬೋರಲು ಹಾಕಬೇಕು. ಇದು ನಮ್ಮ ಮನೆಯ ಪದ್ಧತಿ. ಅದೇ ಹೊತ್ತಿಗೆ ಒಳಗೆ ನನ್ನ ಅತ್ತೆ ದಾಕ್ಷಾಯಣಮ್ಮನವರು ಪೂಜೆ ಮುಗಿಸಿ, ಎಲ್ಲರೂ ಒಂದೇ ಎನ್ನುವ ವಚನಗಳನ್ನು ದೊಡ್ಡ ದನಿಯಲ್ಲಿ ಓದುತ್ತಿರುತ್ತಾರೆ. ನಾನೂ ದನಿಗೂಡಿಸುತ್ತೇನೆ.

“ಬೀಗರು ಬತ್ತಾರೆ, ಮೆಟ್ಲ್ ಮ್ಯಾಲೆ ಏನಾರ ಚೆಂದಾಗಿ ಮಡಗು ಅಂದ್ರಿ. ಬ್ಯಾರೆ ಕುಂಡ ಇರ್ನಿಲ್ಲ. ಮೊಳೆಲಿ ಮೆಲ್ಲುಕ್ಕೆ ತಿರುವಿ ತಳುಕ್ಕೆ ತೂತು ಮಾಡ್ಬುಟ್ಟೆ.”

“ಹಾಗಾದರೆ ಅವತ್ತಿನಿಂದ ಕಾಫಿ?”

ಅದನ್ನು ಅವರಿಂದ ಕೇಳಿ ತಿಳಿಯಬೇಕಾಗಿರಲಿಲ್ಲ. ಯುಗಾದಿಯ ಮಾರನೆಯ ಬೆಳಿಗ್ಗೆ ಕಾಫಿ ಚೊಂಬು ಹಿಡಿದು ನಾನೇ ಗೇಟಿನವರೆಗೆ ಹೋಗಿದ್ದೆ. ಗೂಡು ಖಾಲಿ ಇತ್ತು. ಅವರಿಗೆ ಬೇಡವೇನೋ ಅಂದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಬೇರೆ ಯಾವ ಪಾತ್ರೆ ಕೊಡುವುದು ಎಂದು ಯೋಚಿಸಿದೆ. ಅಡುಗೆಮನೆಯ ಹಲಗೆಯ ಮೇಲೆ ಹನ್ನೆರಡು ಹಿತ್ತಾಳೆ ಲೋಟಗಳಿವೆ. ಅವುಗಳಲ್ಲಿ ಒಂದೂ ನನಗೆ ತೋಚಲಿಲ್ಲ. ಚೊಂಬಿನ ಸಮೇತ ಒಳಗೆ ಬಂದೆ. ಮಾರನೆಯ ದಿನ ಹೋಗಲೇ ಇಲ್ಲ. ನಲವತ್ಮೂರು ದಿನ ಅವರು ಬರಿ ಹೊಟ್ಟೆಯಲ್ಲಿ ನಮ್ಮ ಅಂಗಳಕ್ಕೆ ನೀರು ಹೊತ್ತರು. ಮೆಟ್ಟಿಲ ಮೇಲಿನ ಹೂವನ್ನು ದಿನವೂ ನೋಡುತ್ತಿದ್ದ ನನಗೆ ಕಪ್ಪು ಕಾಣಿಸಲಿಲ್ಲ. ಇದನ್ನು ಬರೆಯುವಾಗ ಮುಖ ಎತ್ತಲಾಗುತ್ತಿಲ್ಲ.

ಆ ಬೆಳಿಗ್ಗೆ ಪುಸ್ತಕ ಬದಿಗಿಟ್ಟು ಒಳಗೆ ಹೋಗಿ ಹಲಗೆಯ ಮೇಲಿಂದ ಒಂದು ಲೋಟ ತೆಗೆದು, ಕಾಫಿ ತುಂಬಿ, ಅವರ ಕೈಗೇ ಕೊಟ್ಟೆ. ಚಾಮಯ್ಯ ಬಾಗಿಲ ಕಡೆ ನೋಡಿದರು. ಅಲ್ಲಿ ಅತ್ತೆ ನಿಂತಿದ್ದರು.

“ಕುಡಿ, ಆರಿಹೋಗುತ್ತೆ” ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋದರು.

ಚಾಮಯ್ಯ ಬೆನ್ನು ತಿರುಗಿಸಿ ನಿಂತು ಕುಡಿದರು. ನಲ್ಲಿಯಲ್ಲಿ ಎರಡು ಸಲ ತೊಳೆದರು. ಆಮೇಲೆ ಸೀದಾ ಹೋಗಿ, ಹಿತ್ತಾಳೆ ಲೋಟವನ್ನು ಅದೇ ಗೋಡೆಗೂಡಿನಲ್ಲಿ ಬೋರಲು ಹಾಕಿದರು.

ಸಂಜೆಯವರೆಗೂ ಅದು ಅಲ್ಲೇ ಇತ್ತು. ನಾಲ್ಕು ಸಲ ಗೇಟಿನವರೆಗೆ ಹೋಗಿ ಬಂದೆ, ಐದನೆಯ ಸಲ ತಂದು ಉಳಿದ ಹನ್ನೊಂದರ ಜೊತೆಗಿಟ್ಟೆ. ಅಷ್ಟಕ್ಕೆ ಅಷ್ಟು ಹೊತ್ತು ಬೇಕಾಯಿತು.

ಮಾರನೆಯ ಬೆಳಿಗ್ಗೆ ಚಾಮಯ್ಯನವರೇ ಮೆಟ್ಟಿಲ ಹತ್ತಿರ ಬಂದು ನಿಂತರು.

“ಅಮ್ಮಾವ್ರೆ, ಪೇಪರ್ನಾಗೆ ಕಪ್ಪಿನ್ ಇಸ್ಯ ಬರೀಬ್ಯಾಡಿ. ನಾಕ್ ಜನ ಓದ್ತಾರೆ, ನಿಮ್ ಮರ್ವಾದೆ ಓಯ್ತದೆ.”

“ಮತ್ತೆ ಏನು ಬರೆಯಲಿ?”

ಅವರು ಅಂಗಳವನ್ನು ಒಮ್ಮೆ ಗೇಟಿನಿಂದ ಮೆಟ್ಟಿಲವರೆಗೆ ನೋಡಿದರು. “ಇಂಥಾ ಬಿಸ್ಲಲ್ಲೂ ಈ ಮನೇಲಿ ಒಂದ್ ಗಿಡಾನೂ ಒಣಗ್ನಿಲ್ಲ. ಅದ್ನ ಬರೀರಿ, ಸಾಕು.”