ಟಿ.ವಿ.ಯಲ್ಲಿ ಕಾಣದ ಸಾಲು

ಯಮುನಾ ಹೊಸಬರ ಮನೆಗೆ ಕಾಲಿಟ್ಟರೆ ಅವಳ ಕಣ್ಣು ಮೊದಲು ಹೋಗುವುದು ಟಿ.ವಿ. ಕಡೆಗೆ. ಕಿಟಕಿಯ ಬೆಳಕು ಅದರ ಮೇಲೆ ಬೀಳುತ್ತದೋ, ವೈರು ಚುಚ್ಚುವ ಜಾಗ ಹಿಂದಿದೆಯೋ ಪಕ್ಕದಲ್ಲಿದೆಯೋ, ಇಷ್ಟು ತಿಳಿಯುವ ತನಕ ಕೊಟ್ಟ ನೀರನ್ನೂ ಕುಡಿಯುವುದಿಲ್ಲ. "ಒಂದ್ಗಳಿಗೆ ಕೂತ್ಕಳೇ" ಎಂದು ತಾಯಿ ನಾಗಕ್ಕ ಬೈಯುತ್ತಲೇ ಇರುತ್ತಾಳೆ.

ಇದೆಲ್ಲ ಅಣ್ಣ ಜುಂಜೇಶನಿಗಾಗಿ. ಪಿಯುಸಿ ಓದುವಾಗ ಮಿದುಳು ಜ್ವರ ಬಂದು ಅವನ ಕಿವಿ ಪೂರ್ತಿ ಹೋಯಿತು. ಮಾತು ಉಳಿಯಿತು. ತನ್ನ ದನಿ ತನಗೇ ಕೇಳಿಸದಿರುವುದರಿಂದ ಎದುರಿಗೆ ಕೂತವರೊಡನೆಯೂ ಹೊಲದಾಚೆ ನಿಂತವರನ್ನು ಕರೆದ ಹಾಗೆ ಮಾತಾಡುತ್ತಾನೆ. ಹುಳಿಯಾರಿನ ಕಡೆಯ ತಮ್ಮ ಹಟ್ಟಿಯಲ್ಲಿ ಕುರಿ ನೋಡಿಕೊಳ್ಳುತ್ತಾನೆ, ಕರೆದವರ ತೋಟಕ್ಕೆ ಕಾಯಿ ಸುಲಿಯಲು ಹೋಗುತ್ತಾನೆ. ಯಮುನಾ ಚಿಕ್ಕನಾಯಕನಹಳ್ಳಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾಳೆ.

ಮಾತನ್ನು ಅಕ್ಷರ ಮಾಡಿ ತೋರಿಸುವ ಆ್ಯಪನ್ನು ಅವಳು ಮೊಬೈಲಿಗೆ ಹಾಕಿ ನೋಡಿದ್ದಳು. ಹಟ್ಟಿಯವರ ಮಾತು ಅದಕ್ಕೆ ತಿಳಿಯಲಿಲ್ಲ. ಕೊನೆಗೆ, ಟೈಪ್ ಮಾಡಿದ್ದನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಒಂದು ಪ್ರೋಗ್ರಾಂ ಹುಡುಕಿ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅದನ್ನು ಟಿ.ವಿ.ಗೆ ಜೋಡಿಸಿ, ಜನ ಆಡಿದ್ದನ್ನೆಲ್ಲ ತಾನೇ ಟೈಪ್ ಮಾಡತೊಡಗಿದಳು. ಒಂದು ಪರದೆಗೆ ಸರಿಹೋದದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮನೆಯ ಟಿ.ವಿ.ಯಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿ 'ಕತ್ತೆ' ಹೋಗಿ 'ಕತೆ' ಆದಾಗ ಜುಂಜೇಶ್ ಬಿದ್ದು ಬಿದ್ದು ನಕ್ಕ. ಅವಳು ಸಾಲುಗಳ ನಡುವಿನ ಜಾಗ ಹಿಗ್ಗಿಸಿದಳು. ಗ್ರಾಮಸಭೆಯ ಪ್ರೊಜೆಕ್ಟರಿನಲ್ಲಿ ಹಗಲ ಬೆಳಕಿಗೆ ಹಳದಿ ಅಕ್ಷರ ಮಾಸಿಹೋಯಿತು. ಬಿಳಿಯ ಮೇಲೆ ಕಪ್ಪಿಗೆ ಬದಲಾಯಿಸಿದಳು. ಎಷ್ಟು ಸರಿಮಾಡಿದರೂ ಇನ್ನೇನೋ ತಪ್ಪಿದೆ ಎಂಬ ಕಳವಳ ಮಾತ್ರ ಹೋಗುತ್ತಿರಲಿಲ್ಲ.

ಕೆಂಕೆರೆಯ ಹತ್ತಿರದ ಹಟ್ಟಿಯೊಂದರಲ್ಲಿ ಜುಂಜೇಶನಿಗೆಂದು ರಂಗಲಕ್ಷ್ಮಿ ಎಂಬ ಹುಡುಗಿಯನ್ನು ನೋಡಲು ಹೋದ ದಿನವೂ ಹಾಗೆಯೇ. ಹುಡುಗಿಗೆ ತಂದೆ ಇರಲಿಲ್ಲ. ಮಾತಿಗೆ ಕೂತವನು ಸೋದರಮಾವ ಕೆಂಚಪ್ಪ. ಯಮುನಾ ಅವರ ಟಿ.ವಿ.ಗೆ ವೈರು ಹಾಕಿ, 'ನಮಸ್ಕಾರ' ಎಂದು ಹೊಡೆದು ನೋಡಿದಳು. ಪರದೆಯ ನಡುವೆ ನೆಟ್ಟಗೆ ಬಂತು. ಆಮೇಲೆ ಟಿ.ವಿ.ಗೆ ಬೆನ್ನು ಮಾಡಿ, ಮಾತಾಡುವವರ ಬಾಯಿ ಕಾಣುವ ಹಾಗೆ ಕೂತಳು. ಆ ಪ್ರೋಗ್ರಾಮಿನಲ್ಲಿ ಮೊದಲ ಮಾತು ನಡುವೆ ಬರುತ್ತದೆ. ಮಾತು ಬೆಳೆದಂತೆ ಹೊಸ ಸಾಲು ತೀರಾ ಕೆಳಗೆ ಸೇರಿ ಹಳೆಯದು ಮೇಲಕ್ಕೆ ಸರಿಯುತ್ತದೆ.

"ಕುರಿ ಎಷ್ಟವಪ್ಪಾ?" ಎಂದ ಕೆಂಚಪ್ಪ. ಜುಂಜೇಶ್ ಟಿ.ವಿ. ನೋಡುತ್ತಾ ಸುಮ್ಮನಿದ್ದ.

"ಎಷ್ಟನೇ ಕ್ಲಾಸ್‌ಗಂಟ ಓದಿದ್ದೀಯ?"

"ಅರವತ್ತು!" ಎಂದ ಜುಂಜೇಶ್, ಜೋರಾಗಿ.

ಅಡುಗೆಮನೆಯಲ್ಲಿ ಹೆಂಗಸರು ಕಿಸಕ್ಕನೆ ನಕ್ಕರು. ಜುಂಜೇಶನ ತಂದೆ ಎತ್ತಪ್ಪ ತಲೆ ತಗ್ಗಿಸಿದ. ಯಮುನಾ ಟೈಪ್ ಮಾಡುತ್ತಲೇ, ಅಣ್ಣ ಹೆದರಿದ್ದಾನೆ ಎಂದುಕೊಂಡಳು. ಕೇಳಿದ್ದಕ್ಕೆಲ್ಲ ಅವನು ಒಂದು ಮಾತು ತಡವಾಗಿಯೇ ಉತ್ತರ ಕೊಡುತ್ತಿದ್ದ.

ಕೆಂಚಪ್ಪ ಎದ್ದು ಒಳಗೆ ಹೋಗಿ ಬಂದ. "ಹುಡ್ಗಿಗೆ ಒಪ್ಗೆ ಇಲ್ಲ ಅಂತಲ್ಲ" ಎಂದು, ಮುಂದಿನದನ್ನು ಅವಳೇ ಹೇಳಲಿ ಎಂಬಂತೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದ. ಯಾರೂ ಬರಲಿಲ್ಲ, ಯಾರೂ ಮಾತಾಡಲಿಲ್ಲ.

ಜುಂಜೇಶ್ ಸ್ವಲ್ಪ ಹೊತ್ತು ಟಿ.ವಿ.ಯನ್ನೇ ನೋಡಿದ. ಎದ್ದು ಎಲ್ಲರಿಗೂ ಕೈ ಮುಗಿದ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

"ಇದೇನ್ರೀ, ಕರ್ದು ಕೂರ್ಸಿದ್ದಕ್ಕೆ ಹಿಂಗಾ ಮರ್ವಾದೆ?" ಕೆಂಚಪ್ಪನ ದನಿ ಏರಿತು. ನಾಗಕ್ಕ ಏನೋ ಸಮಾಧಾನ ಹೇಳುತ್ತಿದ್ದಳು. ಯಮುನಾ ಎದ್ದು ಅಣ್ಣ ಕೂತಿದ್ದ ಕುರ್ಚಿಯ ಬಳಿ ನಿಂತು ತಿರುಗಿ ನೋಡಿದಳು. ಟಿ.ವಿ.ಯಲ್ಲಿ ಕೊನೆಯ ಸಾಲು: 'ಹುಡುಗಿಗೆ ಒಪ್ಪಿಗೆ ಇಲ್ಲ'. ಅಷ್ಟೇ. ಲ್ಯಾಪ್‌ಟಾಪಿನಲ್ಲಿ ಅದರ ಕೆಳಗಿನ ಸಾಲಿಗೆ ಇಳಿದಿದ್ದ 'ಅಂತಲ್ಲ' ಇಲ್ಲಿ ಇರಲೇ ಇಲ್ಲ. ಹಳೇ ಸಿನಿಮಾ ದೊಡ್ಡದಾಗಿ ಕಾಣಲೆಂದು ಮನೆಯವರು ಟಿ.ವಿ.ಯನ್ನು ಜೂಮ್‌ನಲ್ಲಿಟ್ಟಿದ್ದರು, ಪರದೆಯ ಮೇಲಿನ, ಕೆಳಗಿನ ಅಂಚುಗಳು ಹೊರಗುಳಿದಿದ್ದವು. ಇನ್ನೊಂದು ಮಾತು ಬಂದು ಮೇಲಕ್ಕೆ ತಳ್ಳುವ ತನಕ ಯಾವ ಹೊಸ ಸಾಲೂ ಅವನಿಗೆ ಕಾಣುತ್ತಿರಲಿಲ್ಲ.

ಅವಳು ಓಡಿದಳು. ರಸ್ತೆಯ ತಿರುವಿನಲ್ಲಿ ಅವನು ಸಿಕ್ಕಿದ. ಮೊಬೈಲಿನಲ್ಲಿ ಪೂರ್ತಿ ಮಾತು ಬರೆದು ಮುಖಕ್ಕೆ ಹಿಡಿದಳು. ಅವನು ಓದಿ ಪಕ್ಕಕ್ಕೆ ತಳ್ಳಿದ.

"ಇದ ನೀನೀಗ ಸೇರ್ಸಿದ್ದೀಯ ಕಣೇ."

ಇಲ್ಲ ಎಂದು ತಲೆ ಅಲ್ಲಾಡಿಸಿದಳು.

"ಯಾರಾದ್ರೂ ನನ್ನ ಬೈದಿದ್ದ ಯಾವತ್ತಾರ ಹಾಕಿದ್ದೀಯಾ? ನಂಗೆ ಗೊತ್ತಿಲ್ವಾ? ಅವ್ರ ಮುಖ ಕೆಂಪಗಿರ್ತದೆ, ಟಿ.ವಿ.ಲಿ 'ಆಗಲಿ ನೋಡೋಣ' ಅಂತ ಬತ್ತದೆ."

ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಯಮುನಾಗೆ ಅಳು ಬಂತು, ಸಿಟ್ಟೂ ಬಂತು. ಮೊಬೈಲಿನಲ್ಲಿ ಮತ್ತೇನೂ ಬರೆಯಲಿಲ್ಲ. ಅವನ ರಟ್ಟೆ ಹಿಡಿದು ಎಳೆದಳು. ಅವನು ಒಲ್ಲದ ಮನಸ್ಸಿನಿಂದಲೇ ಬಂದ.

ಅದೇ ಕುರ್ಚಿಯಲ್ಲಿ ಅವನನ್ನು ಕೂರಿಸಿ, ರಿಮೋಟ್ ಇಸಿದುಕೊಂಡು, ಚಿತ್ರದ ಅಳತೆಯನ್ನು ಜೂಮ್‌ನಿಂದ ಮಾಮೂಲಿಗೆ ತಂದಳು. ಅಕ್ಷರಗಳು ಕುಗ್ಗಿದವು, ಪರದೆಯ ಬುಡ ಕಾಣಿಸಿಕೊಂಡಿತು. ಅಲ್ಲಿ ಮೊದಲಿನಿಂದಲೂ ಕೂತಿತ್ತು: 'ಅಂತಲ್ಲ.' ಜುಂಜೇಶ್ ಅದನ್ನು ಓದಿದ. ತಂಗಿಯ ಕಡೆ ನೋಡಲಿಲ್ಲ.

ಅಷ್ಟರಲ್ಲಿ ರಂಗಲಕ್ಷ್ಮಿ ಹೊರಗೆ ಬಂದಿದ್ದಳು. "ಇಲ್ಕೊಡಿ, ನಾನೇ ಹಾಕ್ತೀನಿ" ಎಂದು ಲ್ಯಾಪ್‌ಟಾಪ್ ಮುಂದೆ ಕೂತಳು. ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ ಹೊಡೆದಳು. ಎಲ್ಲರೂ ಟಿ.ವಿ. ನೋಡುತ್ತಾ ಕಾದರು.

'ನಿಮ್ಮ ತಂಗಿ ಇಲದಾಗ ನಾವು ಹೆಂಗೆ ಮಾತಾಡದು'

ಯಮುನಾಗೆ ಕೈ ಚಾಚಿ ಬಿಟ್ಟುಹೋದ ಒತ್ತು ಸೇರಿಸಬೇಕು ಅನ್ನಿಸಿತು. ಬೆರಳು ಬಿಗಿಹಿಡಿದು ನಿಂತಳು.

"ನಿಧಾನಕ್ಕೆ ಅಂದ್ರೆ ತುಟಿ ನೋಡಿ ಅಷ್ಟಿಷ್ಟು ತಿಳೀತದೆ" ಎಂದ ಜುಂಜೇಶ್, ಮನೆಯೆಲ್ಲ ಕೇಳುವ ಹಾಗೆ. "ತಿಳೀದಿದ್ರೆ ಇನ್ನೊಂದ್ಸಲ ಕೇಳ್ತೀನಿ. ನಿಮ್ಗೆ ಬೇಜಾರಾಯ್ತದಾ?"

ರಂಗಲಕ್ಷ್ಮಿ ಅವನ ಕಡೆಗೆ ತಿರುಗಿ ನಿಧಾನವಾಗಿ ಹೇಳಿದಳು: "ಅದ ಆಮೇಲೆ ನೋಡನ."

ಅವನಿಗೆ ಅದು ತಿಳಿಯಿತು.

ಒಪ್ಪಿಗೆ ಅವತ್ತೇ ಬರಲಿಲ್ಲ. ಆಷಾಢ ಕಳೆದ ಮೇಲೆ ಕೆಂಚಪ್ಪನೇ ಹಟ್ಟಿಗೆ ಬಂದು ಹೇಳಿಹೋದ. ಮದುವೆಯೂ ಆಯಿತು. ಗಂಡ ಹೆಂಡತಿ ತುಟಿ, ಕೈಸನ್ನೆ, ಮೊಬೈಲು ಎಲ್ಲ ಸೇರಿಸಿ ತಮ್ಮದೇ ಒಂದು ಮಾತು ಕಟ್ಟಿಕೊಂಡಿದ್ದಾರೆ. ಮನೆಗೆ ಜನ ಬಂದಾಗ ಯಮುನಾ ಈಗಲೂ ಟೈಪ್ ಮಾಡುತ್ತಾಳೆ. ಬೈಗುಳವನ್ನೂ ಇದ್ದಂತೆ ಹಾಕುತ್ತಾಳೆ. ಹಾಗೆ ಹಾಕಿದ ಮೊದಲ ದಿನ ಜುಂಜೇಶ್ ನೆಂಟರೊಬ್ಬರೊಡನೆ ಜಗಳಕ್ಕೇ ಬಿದ್ದ. ಅವಳು ಅದನ್ನೂ ಒಂದಕ್ಷರ ಬಿಡದೆ ಹಾಕಿದಳು.

ಮೊನ್ನೆ ತುರುವೇಕೆರೆಯಿಂದ ಏಕಾಂತಯ್ಯ ಎಂಬ ನಿವೃತ್ತ ಮೇಷ್ಟ್ರು, ತಮ್ಮ ಟಿ.ವಿ.ಗೂ ಹೀಗೆ ಅಕ್ಷರ ಹಾಕಿಕೊಡು ಎಂದು ಹೇಳಿಕಳಿಸಿದ್ದರು. ವಯಸ್ಸಾಗಿ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಯಮುನಾ ರಜೆ ಹಾಕಿ ಹೋದಳು. ಮೊದಲು ಅವರ ಕುರ್ಚಿಯಲ್ಲಿ ತಾನೇ ಕೂತು ನೋಡಿದಳು, ಟಿ.ವಿ.ಯ ನಾಲ್ಕು ಮೂಲೆಗೂ ಅಕ್ಷರ ಕಳಿಸಿ ನೋಡಿದಳು, ಎದ್ದಳು, ಕಿಟಕಿ ಮುಚ್ಚಿದಳು, ಮತ್ತೆ ಕೂತಳು. ಏಕಾಂತಯ್ಯನವರು ಅವಳು ಹಾಕಿದ ದಪ್ಪ ಅಕ್ಷರಗಳನ್ನು ನೋಡಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹೋಗಿರೋದು ಕಿವಿ ಕಣಮ್ಮ, ಕಣ್ಣಲ್ಲ. ಒಂಚೂರು ಚಿಕ್ಕದು ಮಾಡು."